ಫೋನ್ ಬರದಿದ್ದರೆ ಆರಾಮ

ಆ ಕಾಗದ ಭಾನುವಾರ ಬೆಳಿಗ್ಗೆಯೂ ಅವಳ ಕೈಚೀಲದಲ್ಲೇ ಇತ್ತು. ಮಗಳ ನೀರಿನ ಬಾಟಲಿ, ಒದ್ದೆ ಒರೆಸುವ ಕಾಗದದ ಪೊಟ್ಟಣ, ಒಂದು ಬದಲಿ ಚಡ್ಡಿ, ಇವೆಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು. ಶನಿವಾರ ಮಧ್ಯಾಹ್ನ ಸಿಕ್ಕಿದಾಗಿನಿಂದ ಬಸ್ಸಿನಲ್ಲೊಮ್ಮೆ, ಮನೆಯ ಮೆಟ್ಟಿಲ ಮೇಲೊಮ್ಮೆ, ಬಚ್ಚಲ ಬಾಗಿಲು ಹಾಕಿಕೊಂಡು ಇನ್ನೊಮ್ಮೆ ತೆಗೆದು ಓದಿದ್ದಳು. ಪ್ರತಿ ಸಲವೂ ಈ ಬಾರಿ ಬೇರೇನಾದರೂ ಬರೆದಿರುತ್ತದೇನೋ ಎಂಬ ಹುಚ್ಚು ಆಸೆ. ಕಾಗದ ಮಾತ್ರ ಹೇಳಿದ್ದನ್ನೇ ಹೇಳುತ್ತಿತ್ತು. ಎಡ ಎದೆಯಲ್ಲಿ ಗಂಟು. ಅಂಚು ನಯವಾಗಿಲ್ಲ. ಅನುಮಾನಕ್ಕೆ ಎಡೆಯಿದೆ, ತಡಮಾಡದೆ ಮುಂದಿನ ಪರೀಕ್ಷೆ ಮಾಡಿಸುವುದು. ಮೇಲಿನ ಮೂಲೆಯಲ್ಲಿ ಡಾಕ್ಟರು ಕೆಂಪು ಪೆನ್ಸಿಲಿನಲ್ಲಿ ಹಾಕಿದ ಸುತ್ತು, ಪಕ್ಕದಲ್ಲಿ ತಾರೀಕು. ಆ ತಾರೀಕಿಗೆ ಹದಿನಾಲ್ಕು ವಾರ ತುಂಬಿತ್ತು.

ಕೆಂಪು ಸುತ್ತು ಹಾಕಿದ್ದಾರೆಂದರೆ ಅವಳು ಫೋನ್ ಮಾಡಬೇಕು ಎಂದರ್ಥ. ಅವಳು ಮಾಡಿರಲಿಲ್ಲ.

ಚಿಂತೆ ಅವಳಿಗೆ ಹೊಸ ನೆಂಟನೇನಲ್ಲ. ಬಡಾವಣೆಯ ದವಾಖಾನೆಯ ಮುಂದಿನ ಮೇಜಿನಲ್ಲಿ ಕೂರುವ ಕೆಲಸ ಹಿಡಿದು ಆರು ವರ್ಷವಾಗಿತ್ತು. ಬಂದವರಿಗೆ ಟೋಕನ್ ಕೊಡಬೇಕು. ಬುಧವಾರ ಎಳೆಗೂಸುಗಳ ತೂಕ, ಗುರುವಾರ ಲಸಿಕೆ, ಶುಕ್ರವಾರ ಸಕ್ಕರೆ ಮತ್ತು ರಕ್ತದೊತ್ತಡದವರ ಸಾಲು. ಬಿಡುವಾದಾಗ ಗೋಡೆಗೆ ತಗುಲಿಸಿದ ತಂತಿಯ ಕಪಾಟಿಗೆ ಆರೋಗ್ಯದ ಕರಪತ್ರ ತುಂಬಬೇಕು. ಬಂದವರು ಆ ಕರಪತ್ರಗಳಿಂದ ಗಾಳಿ ಬೀಸಿಕೊಳ್ಳುತ್ತಿದ್ದರು, ಮಕ್ಕಳ ಮೂಗು ಒರೆಸುತ್ತಿದ್ದರು, ಬಸ್ಸಿಗೆ ಕಾಯುವಾಗ ಕಟ್ಟೆಯ ಮೇಲೆ ಹಾಸಿ ಕೂರುತ್ತಿದ್ದರು. ಓದುತ್ತಿದ್ದವಳು ಇವಳೊಬ್ಬಳೇ. ಬೆಳಿಗ್ಗೆ ಓದಿದ ಕಾಯಿಲೆ ಸಂಜೆಯೊಳಗೆ ನಾಲ್ಕು ವರ್ಷದ ಮಗಳ ಮೈಮೇಲೆ ಕಾಣಿಸಿಕೊಳ್ಳುತ್ತಿತ್ತು. ಕೆಮ್ಮಿದರೆ ನಾಯಿಕೆಮ್ಮು. ಊಟ ಬೇಡವೆಂದರೆ ರಕ್ತಹೀನತೆ. ಎರಡು ಲೋಟ ನೀರು ಹೆಚ್ಚು ಕುಡಿದರೆ ಸಕ್ಕರೆ ಕಾಯಿಲೆ ಎಂದು ಇವಳಿಗೇ ಬಾಯಿ ಒಣಗುತ್ತಿತ್ತು.

"ಬರೋವಾಗ ಸೊಪ್ಪು ತಾ ಅಂದ್ರೆ ಮರೀತೀಯ, ಕಾಯಿಲೆ ಮಾತ್ರ ದಿನಾ ಮರೀದೆ ತರ್ತೀಯಲ್ಲ," ಎನ್ನುತ್ತಿದ್ದರು ಅತ್ತೆ. "ನಾಳೆಗೆ ಏನು ಅಂತ ಈಗಲೇ ಹೇಳ್ಬಿಡು ತಾಯಿ, ಅದಕ್ಕೆ ತಕ್ಕ ಹಾಗೆ ಅಡುಗೆ ಮಾಡ್ತೀನಿ."

ದವಾಖಾನೆಗೆ ಬರುವವರ ಬಾಯಲ್ಲಿ ಅವಳ ಹೆಸರು ಫೋನಕ್ಕ. ಅದಕ್ಕೆ ಕಾರಣ ಅವಳ ಮೇಜಿನ ಎಡಗಡೆ ಇದ್ದ ನೀಲಿ ಟ್ರೇ. ಲ್ಯಾಬಿನಿಂದ, ಸ್ಕ್ಯಾನಿಂಗ್ ಕೇಂದ್ರದಿಂದ ಬಂದ ವರದಿಗಳನ್ನು ಡಾಕ್ಟರು ಪ್ರತಿದಿನ ನೋಡುತ್ತಿದ್ದರು. ಸರಿಯಿದ್ದದ್ದು ನೇರವಾಗಿ ಫೈಲಿಗೆ. ಸರಿಯಿಲ್ಲದ್ದು ಕೆಂಪು ಸುತ್ತಿನೊಂದಿಗೆ ಟ್ರೇಗೆ. ಟ್ರೇಯಲ್ಲಿದ್ದವರಿಗೆಲ್ಲ ಅವಳು ಫೋನ್ ಮಾಡಿ, ಇಂಥ ದಿನ ಇಷ್ಟು ಹೊತ್ತಿಗೆ ಬನ್ನಿ ಎಂದು ಹೇಳಿ, ಕರೆಯ ಪುಸ್ತಕದಲ್ಲಿ 'ತಿಳಿಸಿದೆ' ಎಂದು ಬರೆಯಬೇಕು. ಕಾಯಿಲೆಯ ಹೆಸರು ಅವಳು ಹೇಳುವಂತಿಲ್ಲ, ಅದು ಡಾಕ್ಟರ ಕೆಲಸ. ಆದರೆ ಜನ ದಡ್ಡರಲ್ಲ. "ಬನ್ನಿ" ಎಂದರೆ ಸಣ್ಣದು, "ಜೊತೆಗೊಬ್ಬರನ್ನ ಕರ್ಕೊಂಡು ಬನ್ನಿ" ಎಂದರೆ ದೊಡ್ಡದು ಎಂಬುದು ಬಡಾವಣೆಗೆಲ್ಲ ತಿಳಿದಿತ್ತು. ಅವಳ ನಂಬರು ಕಂಡರೆ ಎದೆ ಧಸಕ್ ಎನ್ನದವರಿಲ್ಲ. ಮೂಲೆಯಂಗಡಿಯವನು ತಮಾಷೆಗೆ, "ಅಕ್ಕಾ, ನಿಮ್ಮ ಕಾಲ್ ಬಂದ್ರೆ ನಾನು ಎತ್ತಲ್ಲ, ಸತ್ತೋಗಿದಾನೆ ಅಂತ ಹೇಳಿಸ್ಬಿಡ್ತೀನಿ, ಆಮೇಲೆ ನಿಮಗೂ ಕೆಲಸ ಇರಲ್ಲ," ಎನ್ನುತ್ತಿದ್ದ.

ಇದರ ಜೊತೆಗೆ ಇನ್ನೊಂದು ಏರ್ಪಾಟು ಇತ್ತು, ಅದು ಅವಳದೇ ತಲೆಯಿಂದ ಹೊಳೆದದ್ದು. ಮೊದಲೆಲ್ಲ ಜನ ಬೆಳಗಿನಿಂದ ಸಂಜೆಯವರೆಗೆ "ನಮ್ಮ ರಿಪೋರ್ಟ್ ಬಂತಾ, ಏನಂತೆ" ಎಂದು ಫೋನ್ ಮಾಡುತ್ತಲೇ ಇರುತ್ತಿದ್ದರು. ಇರುವುದು ಒಂದೇ ಲೈನು. ಒಮ್ಮೆ ಎದೆನೋವಿನ ಮುದುಕರೊಬ್ಬರ ಸೊಸೆ ಅರ್ಧ ಗಂಟೆ ಪ್ರಯತ್ನಪಟ್ಟೂ ಲೈನು ಸಿಗದೆ ಅವರನ್ನು ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು. ಅಂದೇ ಫೋನಕ್ಕ ಡಾಕ್ಟರ ಒಪ್ಪಿಗೆ ಪಡೆದು, ದಪ್ಪ ರಟ್ಟಿನ ಮೇಲೆ ತನ್ನ ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದಳು: 'ನಿಮ್ಮ ವರದಿಯ ಬಗ್ಗೆ ನಮ್ಮಿಂದ ಫೋನ್ ಬರದಿದ್ದರೆ ಎಲ್ಲ ಸರಿಯಿದೆ ಎಂದು ತಿಳಿಯಿರಿ.' ವಾರದೊಳಗೆ ಲೈನು ಬಿಡುವಾಯಿತು. ಈ ರಟ್ಟು ಇಬ್ಬರು ನರ್ಸುಗಳಿಗೆ ಸಮ ಎಂದು ಡಾಕ್ಟರು ಹೊಗಳಿದರು. ಅವಳು ಅದರ ಫೋಟೋ ತೆಗೆದು ಗಂಡನಿಗೆ ಕಳಿಸಿದ್ದಳು.

ಹೊಗಳದವರು ನರ್ಸಮ್ಮ ಒಬ್ಬರೇ. ಮೂವತ್ತು ವರ್ಷ ಸೂಜಿ ಹಿಡಿದ ಕೈ, ಮಾತೂ ಸೂಜಿಯೇ.

"ಕೆಂಪು ಬಂದ ಕೂಡಲೇ ಹೆಸರು ಪುಸ್ತಕದಲ್ಲಿ ಬರ್ಕೋ. ಫೋನ್ ಆಮೇಲೆ."

"ಟ್ರೇಲೇ ಇರತ್ತಲ್ಲ ನರ್ಸಮ್ಮ. ಫೋನ್ ಮಾಡಿ ಆದ್ಮೇಲೆ ಬರೆದ್ರೆ ಒಂದೇ ಸಲಕ್ಕೆ ಮುಗೀತು. ಎರಡೆರಡು ಸಲ ಯಾಕೆ?"

"ಟ್ರೇಗೆ ಬಾಯಿಲ್ಲ ಕಣೆ. ಪುಸ್ತಕ ಆದ್ರೆ ಕೇಳುತ್ತೆ."

ಅವಳು ನಕ್ಕಿದ್ದಳು. ಆ ನಗು ಈಗ ನೆನಪಾದರೆ ಹಲ್ಲು ಕಚ್ಚುವಂತಾಗುತ್ತಿತ್ತು.

ಹದಿನಾಲ್ಕು ವಾರದ ಹಿಂದೆ ನಡೆದದ್ದು ಇಷ್ಟು. ಮಧ್ಯಾಹ್ನ ಮೂರು ಗಂಟೆ. ಕರಪತ್ರಗಳ ಹೊಸ ಕಟ್ಟುಗಳು ಬಂದು ಮೇಜು, ಟ್ರೇ ಎನ್ನದೆ ಹರಡಿದ್ದವು. ಡಾಕ್ಟರು ಆಗತಾನೆ ಒಂದು ವರದಿಯನ್ನು ಟ್ರೇಗೆ ಹಾಕಿ ಒಳಗೆ ಹೋಗಿದ್ದರು. ಮಗಳ ಶಿಶುವಿಹಾರದಿಂದ ಫೋನ್ ಬಂತು. ಮಗುವಿಗೆ ಮೈ ಬಿಸಿಯಾಗಿದೆ, ಬೆನ್ನ ಮೇಲೆ ಕೆಂಪು ಗುಳ್ಳೆ ಎದ್ದಿವೆ. ಮೆದುಳುಪೊರೆಯ ಜ್ವರದ ಕರಪತ್ರವನ್ನು ಅವಳು ಓದಿ ಬಾಯಿಪಾಠ ಮಾಡಿದ್ದಳು. ಗುಳ್ಳೆಯ ಮೇಲೆ ಗಾಜಿನ ಲೋಟ ಒತ್ತಿ ನೋಡಿ, ಬಣ್ಣ ಮಾಸದಿದ್ದರೆ ಒಂದು ನಿಮಿಷವೂ ಕಾಯಬೇಡಿ. ಅವಳು ಮೇಜಿನ ಮೇಲಿದ್ದದ್ದನ್ನೆಲ್ಲ ಎರಡೂ ಕೈಯಲ್ಲಿ ಬಾಚಿ, ಕಟ್ಟು ಕಟ್ಟಾಗಿ ಮೇಜಿನ ಕೆಳಗಿನ ಕಪಾಟಿಗೆ ತುರುಕಿ, ಬೀಗ ತಿರುಗಿಸಿ, ಕುಡಿಯುವ ನೀರಿನ ಹತ್ತಿರವಿದ್ದ ಗಾಜಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ಓಡಿದ್ದಳು. ಬಸ್ಸಿನಲ್ಲಿ ಜನ ಅವಳ ಲೋಟವನ್ನೇ ನೋಡುತ್ತಿದ್ದರು. ಶಿಶುವಿಹಾರದಲ್ಲಿ ಲೋಟ ಒತ್ತಿದಳು, ಗುಳ್ಳೆ ಮಾಸಿತು. ಬೆವರುಸಾಲೆ. ದಪ್ಪ ಉಣ್ಣೆಯ ಅಂಗಿ ಹಾಕಿ ಕಳಿಸಿದ್ದವಳು ಅವಳೇ, ಎಲ್ಲಿ ಶೀತವಾಗುತ್ತದೋ ಎಂದು.

ಹಗ್ಗ ಕಂಡಲ್ಲೆಲ್ಲ ಹಾವೆಂದು ಹೆದರುತ್ತಿದ್ದವಳು ನಿಜವಾದ ಹಾವನ್ನು ತಾನೇ ಎತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ಮಾರನೆಯ ದಿನ ಬಂದಾಗ ಟ್ರೇ ಖಾಲಿ ಇತ್ತು. ಖಾಲಿ ಟ್ರೇ ನೋಡಿದರೆ ಅವಳಿಗೆ ಯಾವಾಗಲೂ ಸಮಾಧಾನ.

ಶನಿವಾರ ತಲೆಹೇನಿನ ಬಗೆಗಿನ ಕರಪತ್ರಗಳು ಮುಗಿದವೆಂದು ಆ ಕಪಾಟಿನಿಂದ ಹೊಸ ಕಟ್ಟು ತೆಗೆದು ಬಿಚ್ಚಿದಳು. 'ಹೇನು ನಾಚಿಕೆಯ ವಿಷಯವಲ್ಲ' ಎಂಬ ಸಾಲಿನ ಮೇಲೆ, ನಗುವ ಹುಡುಗಿಯ ಚಿತ್ರಕ್ಕೆ ಅಂಟಿಕೊಂಡಂತೆ, ಈ ವರದಿ ಕೂತಿತ್ತು. ಹೆಸರು ಓದಿದಳು. ಟೈಲರಮ್ಮ.

ಟೈಲರಮ್ಮ ಎಂದರೆ ಅವಳ ಮನೆಯ ಹಿಂದಿನ ಬೀದಿಯಲ್ಲಿ, ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿಕೊಂಡ ಐವತ್ತೆರಡರ ಹೆಂಗಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಜೊತೆಗಿದ್ದದ್ದು ಒಬ್ಬಳೇ ಮಗಳು. ಬಡಾವಣೆಯ ಅರ್ಧ ಮಕ್ಕಳ ಶಾಲೆಯ ಬಟ್ಟೆ ಅವರದೇ ಕೈಕೆಲಸ. ಇವಳ ಮಗಳಿಗೆ ಹುಟ್ಟಿದಾಗಿನಿಂದ ಅಳತೆ ಹಿಡಿದವರು ಅವರು. ಸ್ಕ್ಯಾನ್ ಮಾಡಿಸಿದ ಮೂರನೆಯ ವಾರ ನೆಗಡಿಗೆಂದು ದವಾಖಾನೆಗೆ ಬಂದಿದ್ದರು. ಮೇಜಿನ ಮೇಲೆ ಮೊಣಕೈ ಊರಿ, ತಗ್ಗಿದ ದನಿಯಲ್ಲಿ ಕೇಳಿದ್ದರು: "ಅವತ್ತಿಂದು ರಿಪೋರ್ಟು... ನಿನ್ನ ಫೋನ್ ಬರಲಿಲ್ಲ ಮಗಾ. ಹಾಗಾದ್ರೆ ಏನೂ ಇಲ್ಲ ತಾನೆ?"

ಅವಳು ಟ್ರೇ ನೋಡಲಿಲ್ಲ, ಫೈಲು ತೆಗೆಯಲಿಲ್ಲ. ಬಲಗೈಯ ಪೆನ್ನಿನಿಂದ ಗೋಡೆಯ ರಟ್ಟು ತೋರಿಸಿದಳು. "ಫೋನ್ ಬರದಿದ್ರೆ ಆರಾಮ ಅಂತ ಬರೆದಿದೀನಲ್ಲ ಅಮ್ಮಾ."

"ನಿನ್ನ ಬಾಯಿಗೆ ಸಕ್ಕರೆ ಹಾಕ," ಎಂದು ಅವಳ ಕೆನ್ನೆ ತಟ್ಟಿ ಹೋಗಿದ್ದರು.

ಶನಿವಾರ ಊಟವಾದ ಮೇಲೆ ಅವಳು ಗಂಡನಿಗೆ ಕಾಗದ ತೋರಿಸಿದಳು. ಗಂಡ ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ, ಉಗುರ ಸಂದಿಯಲ್ಲಿ ಸದಾ ಗ್ರೀಸು. ಓದಿ, ಕಾಗದವನ್ನು ಮೊದಲಿದ್ದಂತೆಯೇ ಮಡಿಸಿದ.

"ಯಾರಿಗೆ ಗೊತ್ತಿದೆ?"

"ನಿನಗೆ, ನನಗೆ."

"ಹಾಗಾದ್ರೆ ಒಂದು ಕೆಲಸ ಮಾಡು. ಸುಮ್ನೆ ಒಂದ್ಸಲ ಬಂದು ಮತ್ತೆ ಚೆಕ್ ಮಾಡಿಸ್ಕೊಳ್ಳಿ ಅಂತ ಅವರಿಗೆ ಹೇಳು. ಹೊಸ ಸ್ಕ್ಯಾನ್ ಆಗತ್ತೆ, ಹೊಸ ರಿಪೋರ್ಟ್ ಬರತ್ತೆ, ಇದ್ದದ್ದು ಗೊತ್ತಾಗತ್ತೆ. ಅವರಿಗೂ ಚಿಕಿತ್ಸೆ ಸಿಗತ್ತೆ, ನಿನ್ನ ಕೆಲಸನೂ ಉಳಿಯತ್ತೆ. ಹಳೇ ಕಾಗದದ ಮಾತು ಯಾಕೆ?"

ಕೇಳಿ ಅವಳಿಗೆ ಮೈ ಹಗುರಾಯಿತು. ಅಷ್ಟು ಸುಲಭದ ದಾರಿ ತನಗೇ ಹೊಳೆಯಲಿಲ್ಲವಲ್ಲ ಎನಿಸಿತು. ಕೆಲಸ ಹೋದರೆ ಹೋಗಲಿ ಎನ್ನುವ ಸ್ಥಿತಿ ಅವರದಲ್ಲ. ಅದಕ್ಕಿಂತ, ಮಗುವನ್ನು ಕರೆದುಕೊಂಡು ಬೀದಿಯಲ್ಲಿ ಹೋಗುವಾಗ ಜನ ಬೆರಳು ತೋರಿಸಿ 'ಅವಳೇ' ಎನ್ನುವುದನ್ನು ಅವಳು ಆಗಲೇ ಕಣ್ಣಾರೆ ಕಂಡಿದ್ದಳು. ಹಾಗೆ ಮುಂದಾಗಿ ಕಾಣುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಮಗಳ ಲಂಗದ ಅಂಚು ಬಿಚ್ಚಿಸಬೇಕೆಂಬ ನೆಪ ಹಿಡಿದು, ಮಗಳ ಕೈ ಹಿಡಿದು ಟೈಲರಮ್ಮನ ಮನೆಗೆ ಹೋದಳು.

ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆ ಶುರುವಾಗಲು ಹತ್ತು ದಿನ. ಬೂದು ಚಡ್ಡಿಗಳ ರಾಶಿ, ಬಿಳಿ ಅಂಗಿಗಳ ರಾಶಿ, ಗುಂಡಿ ಹಾಕಬೇಕಾದವು ಒಂದೆಡೆ, ಕಾಜ ತೆಗೆಯಬೇಕಾದವು ಇನ್ನೊಂದೆಡೆ. ಟೈಲರಮ್ಮ ಕಿಟಕಿಯ ಬಳಿ ಯಂತ್ರದ ಮುಂದೆ ಕೂತಿದ್ದರು. ಬಾಯಲ್ಲಿ ಎರಡು ಗುಂಡುಸೂಜಿ. ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದವಳು ಅವರ ಮಗಳು. ಕತ್ತರಿಯನ್ನು ಟೈಲರಮ್ಮ ಬೇರೆಯವರ ಕೈಗೆ ಕೊಟ್ಟದ್ದನ್ನು ಅವಳು ಎಂದೂ ನೋಡಿರಲಿಲ್ಲ.

"ಓಹೋ, ಫೋನಕ್ಕ ಕಾಲ್ ಮಾಡದೆ ಕಾಲಲ್ಲೇ ಬಂದ್ಬಿಟ್ಲು," ಎಂದು ಸೂಜಿ ತೆಗೆದು ಮೆತ್ತೆಗೆ ಚುಚ್ಚಿದರು. "ಬಾ ಪುಟ್ಟಿ. ಎಷ್ಟು ಉದ್ದ ಆಗಿದೀಯ ನೀನು, ಬಟ್ಟೆ ಹೊಲಿದು ಕೊಡೋದ್ರೊಳಗೆ ಗಿಡ್ಡ ಆಗಿರತ್ತೆ ನಿನಗೆ."

ಮಗು ನಾಚಿ ಅಮ್ಮನ ಹಿಂದೆ ಸರಿಯಿತು.

"ಕತ್ತರಿ ಯಾಕೆ ಮಗಳ ಕೈಲಿ?" ಎಂದು ಅವಳು ಕೇಳಿದಳು. ಕೇಳಬಾರದೆಂದುಕೊಂಡೇ ಕೇಳಿದಳು.

"ಈ ತೋಳು ನೋಡು," ಎಂದು ಟೈಲರಮ್ಮ ಎಡಗೈಯನ್ನು ಭುಜದವರೆಗೆ ಎತ್ತಿ, ಅಲ್ಲೇ ನಿಲ್ಲಿಸಿದರು. "ಇದಕ್ಕಿಂತ ಮೇಲೆ ಹೋಗಲ್ಲ ಅಂತದೆ. ಕಂಕುಳಲ್ಲಿ ಎಳೀತದೆ. ಮೂವತ್ತು ವರ್ಷ ಬಟ್ಟೆ ಎಳೆದೂ ಎಳೆದೂ ಸವೆದೋಗಿರ್ಬೇಕು. ಯಂತ್ರಕ್ಕಾದ್ರೆ ಎಣ್ಣೆ ಹಾಕ್ಬಹುದು."

"ಆಸ್ಪತ್ರೆಗೆ ಹೋಗೋಣ ಅಂದ್ರೆ ಕೇಳಲ್ಲ," ಎಂದಳು ಮಗಳು, ತಲೆ ಎತ್ತದೆ.

ಅದೇ ಸಮಯ. ಅವಳು ಹಿಂದಿನ ದಿನದಿಂದ ನಾಲಿಗೆಯ ತುದಿಯಲ್ಲಿ ಉರುಳಿಸಿಕೊಂಡು ಬಂದ ಮಾತನ್ನು ಹೊರಗೆ ಬಿಟ್ಟಳು. "ಹೌದು ಅಮ್ಮಾ, ನಾಳೆ ಒಂದ್ಸಲ ಬಂದು ತೋರಿಸ್ಬಿಡಿ. ಹೇಗಿದ್ರೂ ಆ ಗಂಟಿಂದು ಸ್ಕ್ಯಾನ್ ಮಾಡಿಸಿ ಮೂರು ತಿಂಗಳಾಯ್ತಲ್ಲ. ಸುಮ್ನೆ ಇನ್ನೊಂದು ಸಲ ಮಾಡಿಸಿದ್ರೆ ಒಳ್ಳೇದು."

"ಅಯ್ಯೋ ಬಿಡು, ಅದೇನೂ ಇಲ್ಲ ಅಂತ ನೀನೇ ಹೇಳಿದೀಯಲ್ಲ."

"ಸುಮ್ನೆ ಒಂದ್ಸಲ..."

"ನೋಡು ಮಗಾ," ಎಂದು ಟೈಲರಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟರು. "ಆ ಸ್ಕ್ಯಾನ್ ಮಾಡಿಸಿದ್ಮೇಲೆ ಹದಿನೈದು ದಿನ ಫೋನನ್ನ ದಿಂಬಿನ ಪಕ್ಕ ಇಟ್ಕೊಂಡಿದ್ದೆ. ಯಾರ ಫೋನ್ ಬಂದ್ರೂ ಹೊಲಿಗೆ ತಪ್ಪೋದು. ಗ್ಯಾಸಿನವನು ಫೋನ್ ಮಾಡಿದ್ರೂ ಅಳು ಬರೋದು. ನಿನ್ನ ಕೇಳಿದ್ನಲ್ಲ, ಆರಾಮ ಅಂದ್ಯಲ್ಲ, ಅವತ್ತು ಬಂದು ಇಲ್ಲೇ ಈ ಬಟ್ಟೆ ರಾಶಿ ಮೇಲೆ ಬಿದ್ದು ಹಗಲೆಲ್ಲ ನಿದ್ದೆ ಮಾಡಿದೆ. ಮತ್ತೆ ಆ ಮಿಷಿನ್ ಕೆಳಗೆ ನಾನು ಮಲಗಲ್ಲ. ಏನಾದ್ರೂ ಇದ್ದಿದ್ರೆ ನೀನು ಫೋನ್ ಮಾಡ್ತಿದ್ದೆ. ನಿನ್ನಂಥ ಪುಕ್ಕಲಿ ಬಿಡ್ತಿದ್ಲಾ?"

ಮಗಳು ನಕ್ಕಳು. ಟೈಲರಮ್ಮನೂ ನಕ್ಕರು. ಅವಳ ಮುಖವೂ ಅವರ ಜೊತೆಗೆ ನಕ್ಕಂತೆ ಆಯಿತು.

"ತೋಳಿಗೇನು, ಶಾಲೆ ಶುರುವಾದ್ಮೇಲೆ ನೋಡೋಣ. ಇನ್ನೂ ನಲವತ್ತು ಜೊತೆ ಬಾಕಿ. ಕೊಡು ಆ ಲಂಗ."

ಲಂಗ ಕೊಟ್ಟು ಬಂದಳು. ಬೀದಿಗಿಳಿದು ಇಪ್ಪತ್ತು ಹೆಜ್ಜೆ ಹೋದ ಮೇಲೆ ಗೊತ್ತಾಯಿತು, ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮಗು "ಅಮ್ಮಾ ನೋಯ್ತಿದೆ" ಎಂದು ಆಗಲೇ ಎರಡು ಸಲ ಹೇಳಿತ್ತು.

ಸುಲಭದ ದಾರಿಗೆ ಅಡ್ಡವಾಗಿ ಅವಳದೇ ಅಕ್ಷರದ ರಟ್ಟು ನಿಂತಿತ್ತು. ಫೋನ್ ಬರದಿದ್ದರೆ ಆರಾಮ ಎಂದು ಜನರಿಗೆ ಕಲಿಸಿದವಳು ಅವಳು, ಜನ ಕಲಿತಿದ್ದರು. ಈಗ ಸುಮ್ಮನೆ ಬನ್ನಿ ಎಂದರೆ ಯಾರು ಬಂದಾರು.

ಮನೆಯಲ್ಲಿ ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಸೊಸೆಯ ಮುಖ ನೋಡಿ, "ಇವತ್ತು ಯಾವ ಕಾಯಿಲೆ?" ಎಂದರು ಅಭ್ಯಾಸದಂತೆ. ಅವಳು ಗೋಡೆಗೆ ಒರಗಿ ಕೂತಳು. ಕೂತಲ್ಲೇ ಎಲ್ಲ ಹೇಳಿದಳು. ಅತ್ತೆಯ ಕೈಯಲ್ಲಿ ಅರ್ಧ ಮಡಿಸಿದ ಟವೆಲು ಹಾಗೆಯೇ ಉಳಿಯಿತು. ಗಂಡ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತ.

"ನನ್ನ ಅಕ್ಕಂಗೂ ಹೀಗೇ ಕೈ ಎತ್ತೋಕೆ ಆಗ್ತಿರ್ಲಿಲ್ಲ," ಎಂದರು ಅತ್ತೆ ಕೊನೆಗೆ. ಆಮೇಲೆ ಏನಾಯಿತೆಂದು ಅವರು ಹೇಳಲಿಲ್ಲ. ಆ ಅಕ್ಕನ ಫೋಟೋ ಗೋಡೆಯ ಮೇಲಿತ್ತು.

"ಇನ್ನು ಹತ್ತು ದಿನ ತಾನೆ," ಎಂದ ಗಂಡ ಮೆಲ್ಲಗೆ. "ಶಾಲೆ ಶುರುವಾದ್ಮೇಲೆ ಬರ್ತಾರಂತಲ್ಲ. ಆಗ..."

"ಒಂದು ಕೇಳ್ತೀನಿ, ಹೇಳು," ಎಂದಳು ಅವಳು. "ಲಿಫ್ಟಿನ ತಂತಿಹಗ್ಗ ಸವೆದಿದೆ ಅಂತ ಯಾರೋ ಮೂರು ತಿಂಗಳ ಹಿಂದೆ ನೋಡಿದಾರೆ. ಚೀಟಿ ಕಳೆದೋಗಿದೆ. ಈಗ ನೀನು ಹೊಸದಾಗಿ ನೋಡೋಕೆ ಹೋಗ್ತಿದೀಯ. ಹಳೇ ಚೀಟಿ ಇದ್ದಿದ್ದು ನಿನಗೆ ಗೊತ್ತಾಗ್ಬೇಕೋ ಬೇಡ್ವೋ?"

ಅವನು ತನ್ನ ಕೈಯ ಗ್ರೀಸು ನೋಡುತ್ತ ನಿಂತ. ಸುಳ್ಳು ಹೇಳಬಹುದಿತ್ತು. ಆದರೆ ಪ್ರಶ್ನೆ ಅವನ ಕೆಲಸದ್ದಾಗಿತ್ತು.

"ಗೊತ್ತಾಗ್ಬೇಕು," ಎಂದ. "ಎಷ್ಟು ಬೇಗ ಸವೀತಿದೆ ಅಂತ ತಿಳಿಯೋದು ಅದರಿಂದಲೇ. ಇಲ್ಲಾಂದ್ರೆ ಇನ್ನೂ ಟೈಮಿದೆ ಅಂದ್ಕೊಂಡ್ಬಿಡ್ತೀವಿ." ಆಮೇಲೆ ಕೇಳಿದ, "ನಾನೂ ಬರ್ಲಾ?"

"ಮಗು ನೋಡ್ಕೋ."

ಅವಳು ಚಪ್ಪಲಿ ಮೆಟ್ಟಿ ಹೊರಟಳು. ಸ್ವಂತ ಮೊಬೈಲಿನಿಂದ ಮಾಡಬಹುದಿತ್ತು. ಆದರೆ ಹದಿನಾಲ್ಕು ವಾರದ ಹಿಂದೆ ದವಾಖಾನೆಯ ನಂಬರಿನಿಂದ ಹೋಗಬೇಕಾಗಿದ್ದ ಕರೆ ಅದು. ಬೇರೆ ನಂಬರಿನಿಂದ ಮಾಡಿದರೆ ನೆರೆಹೊರೆಯ ಮಾತಾಗಿಬಿಡುತ್ತದೆ, ನಡುವೆ ಎಲ್ಲೋ ತಾನು ಮತ್ತೆ ಲಂಗದ ಅಂಚಿಗೆ ಜಾರಿಬಿಡುತ್ತೇನೆ ಎಂದು ಅವಳಿಗೆ ತನ್ನ ಮೇಲೇ ನಂಬಿಕೆಯಿರಲಿಲ್ಲ.

ದವಾಖಾನೆಯ ಬೀಗದ ಒಂದು ಕೈ ಅವಳ ಹತ್ತಿರವೇ ಇರುತ್ತಿತ್ತು. ಭಾನುವಾರದ ದವಾಖಾನೆಯನ್ನು ಅವಳು ನೋಡಿದ್ದು ಅದೇ ಮೊದಲು. ಖಾಲಿ ಬೆಂಚುಗಳು. ಕೂಸುಗಳ ತೂಕದ ಯಂತ್ರದ ಮೇಲೆ ಹೊದಿಸಿದ ಬಿಳಿ ಬಟ್ಟೆ. ಫಿನಾಯಿಲಿನ ವಾಸನೆ ಜನರಿಲ್ಲದಾಗ ಇನ್ನೂ ಗಡುಸು. ಮೇಜಿನ ಮುಂದೆ ಕೂತರೆ ನೇರ ಕಣ್ಣಿಗೆ ಬೀಳುವುದು ಆ ರಟ್ಟು. ಎದ್ದು ಹೋಗಿ ಅದನ್ನು ಮೊಳೆಯಿಂದ ತೆಗೆದು, ಬರಹ ಗೋಡೆಯ ಕಡೆಗಿರುವಂತೆ ನೆಲಕ್ಕಿಟ್ಟಳು.

ಕರೆಯ ಪುಸ್ತಕ ತೆರೆದಳು. ಬರೆದ ಮೇಲೆ ಫೋನ್, ನರ್ಸಮ್ಮ ಹೇಳಿದ ಹಾಗೆ. ಟೈಲರಮ್ಮನ ಹೆಸರು ಬರೆದಳು. ವರದಿ ಬಂದ ತಾರೀಕು ಬರೆದಳು. ಸಿಕ್ಕಿದ ತಾರೀಕು ಬರೆದಳು. ಎರಡರ ನಡುವೆ ಅಂಗೈಯಗಲದ ಜಾಗ ಉಳಿಯಿತು. 'ಕರಪತ್ರದ ಕಟ್ಟಿನಲ್ಲಿ ಸೇರಿಹೋಗಿತ್ತು. ಸೇರಿಸಿದವಳು ನಾನು. ಮೂರನೇ ವಾರ ಕೇಳಿದಾಗ ನೋಡದೆ ಸರಿಯಿದೆ ಎಂದೆ' ಎಂದು ಬರೆದು, ಕೆಳಗೆ ಸಹಿ ಹಾಕಿದಳು. ನೀಲಿ ಶಾಯಿ. ಅಳಿಸಲು ಬರುವುದಿಲ್ಲ. ನಾಳೆ ಬೆಳಿಗ್ಗೆ ಡಾಕ್ಟರು ಮೊದಲು ನೋಡುವುದು ಇದನ್ನೇ ಆಗಲಿ ಎಂದು, ಕಾಗದದ ಮಡಿಕೆ ಬಿಡಿಸಿ, ಅಂಗೈಯಿಂದ ತೀಡಿ, ಪುಸ್ತಕದ ಮೇಲಿಟ್ಟಳು. ಒಂದನೇ ನಂಬರಿನ ಟೋಕನ್ ಪಕ್ಕಕ್ಕಿಟ್ಟಳು.

ರಿಸೀವರ್ ಎತ್ತಿದಳು. ಇಟ್ಟಳು. ಕುಡಿಯುವ ನೀರಿನ ಹತ್ತಿರ ಹೋಗಿ ಒಂದು ಲೋಟ ಕುಡಿದಳು. ಅಲ್ಲಿ ಈಗ ಇದ್ದದ್ದು ಸ್ಟೀಲಿನ ಲೋಟ. ಗಾಜಿನದು ಅವಳ ಮನೆಯಲ್ಲೇ ಉಳಿದುಹೋಗಿತ್ತು. ವಾಪಸು ಬಂದು ಕೂತು, ನಂಬರು ಒತ್ತಿದಳು.

ಮೂರು ಸಲ ರಿಂಗಾಯಿತು. ನಾಲ್ಕನೆಯದಕ್ಕೆ ಎತ್ತಿದರು. ಹಿಂದೆ ಯಂತ್ರ ಓಡುತ್ತಿದ್ದ ಸದ್ದು.

"ಯಾರು?"

"ನಾನು ಅಮ್ಮಾ. ದವಾಖಾನೆಯಿಂದ."

"ಭಾನುವಾರ ಏನೇ ನಿನಗೆ ದವಾಖಾನೆ? ಲಂಗ ಇನ್ನೂ ಮುಟ್ಟಿಲ್ಲ ಕಣೆ, ಸಂಜೆಗೆ..."

"ಅಮ್ಮಾ, ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬರ್ಬೇಕು. ಮಗಳನ್ನ ಜೊತೆಗೆ ಕರ್ಕೊಂಡು ಬನ್ನಿ."

ಯಂತ್ರ ನಿಂತಿತು. ಒಂದೇ ಸಲಕ್ಕೆ ಅಲ್ಲ, ಚಕ್ರ ಕೈಬಿಟ್ಟಾಗ ಎರಡು ಸುತ್ತು ತಾನೇ ತಿರುಗಿ ನಿಲ್ಲುತ್ತದಲ್ಲ, ಹಾಗೆ.

"ಯಾವ ರಿಪೋರ್ಟು?" ಎಂದರು ಟೈಲರಮ್ಮ. "ನಾನು ಹೊಸದೇನೂ ಮಾಡಿಸಿಲ್ಲವಲ್ಲ."

"ಅದೇ ರಿಪೋರ್ಟು. ಅವತ್ತೇ ಬಂದಿತ್ತು. ಡಾಕ್ಟರು ಕೆಂಪು ಸುತ್ತು ಹಾಕಿ ನನಗೆ ಕೊಟ್ಟಿದ್ರು. ನನ್ನಿಂದ ಕಳೆದೋಯ್ತು. ನಿನ್ನೆ ಸಿಕ್ತು. ನೀವು ಕೇಳಿದಾಗ ನಾನು ನೋಡ್ದೇನೇ ಆರಾಮ ಅಂದ್ಬಿಟ್ಟೆ. ಆರಾಮ ಇರ್ಲಿಲ್ಲ."

ಹಿಂದೆ ಎಲ್ಲೋ ಮಗಳು "ಯಾರಮ್ಮಾ?" ಎಂದು ಕೇಳಿದ್ದು, ಕತ್ತರಿ ಮೇಜಿನ ಮೇಲೆ ಇಟ್ಟದ್ದು ಕೇಳಿಸಿತು.

"ಬೆಳಿಗ್ಗೆ ಬಂದಿದ್ಯಲ್ಲ," ಎಂದರು ಟೈಲರಮ್ಮ.

"ಬಂದಿದ್ದೆ."

"ಆಗ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಗುಳಕ್ಕೆ ಕಾದಳು. ಬಂದಿದ್ದರೆ ಉಸಿರಾಡಬಹುದಿತ್ತು. ಬರಲಿಲ್ಲ. ಬಂದದ್ದು ದವಾಖಾನೆಗೆ ಮೊದಲ ಸಲ ಬಂದ ಅಪರಿಚಿತರು ಕೌಂಟರಿನಲ್ಲಿ ಕೇಳುವಂಥ ದನಿ.

"ಎಂಟಕ್ಕೆ ಅಂದ್ರಾ?"

"ಎಂಟಕ್ಕೆ. ಒಂದನೇ ಟೋಕನ್ ತೆಗೆದಿಟ್ಟಿದೀನಿ."

ಟೈಲರಮ್ಮ ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ.